ಅಜ್ಜನವರು ಬೇಡಿದ ವಲ್ಲಿ

ಮುತ್ತಿನಕಟ್ಟಿಯ ದನದ ಪೇಟೆಯ ಬಾಗಿಲಿಗೆ ಹತ್ತಿದಂತೆ ಒಂದು ತಗಡಿನ ಚಪ್ಪರವಿತ್ತು. ಅದನ್ನು ಮಠ ಎಂದು ಕರೆಯುವುದು ಭಕ್ತರಿಂದ ಮಾತ್ರ ಸಾಧ್ಯವಿತ್ತು. ಅಲ್ಲಿ ಗದ್ದುಗೆಯಿರಲಿಲ್ಲ, ಕಮಾನಿರಲಿಲ್ಲ, ಗೋಡೆಗಳು ಕೂಡ ಮೂರೇ ಇದ್ದವು. ಆ ಚಪ್ಪರದ ನೆರಳಿನಲ್ಲಿ ಪೂಜ್ಯ ಶ್ರೀ ನಿಂಗಬಸವ ಅಜ್ಜನವರು ಪುಂಡಿಯ ನಾರಿನಿಂದ ಹಗ್ಗ ಹೊಸೆಯುತ್ತ ಕೂಡುತ್ತಿದ್ದರು. ದರ್ಶನಕ್ಕೆ ಬಂದವರು ನಮಸ್ಕರಿಸಿದರೆ ತಲೆಯಾಡಿಸುವರು. ಕೈ ಮಾತ್ರ ಹಗ್ಗವನ್ನು ಬಿಡುತ್ತಿರಲಿಲ್ಲ.

ಆ ಸೀಮೆಯಲ್ಲಿ ಎತ್ತು ಮಾರಿದವನು ಎತ್ತನ್ನು ಕೊಡುತ್ತಾನೆ, ಅದರ ಹಗ್ಗವನ್ನು ಕೊಡುವುದಿಲ್ಲ. ಹಗ್ಗ ಬಿಟ್ಟುಕೊಟ್ಟರೆ ಮನೆಯ ಲಕ್ಷ್ಮಿಯೂ ಅದರ ಬೆನ್ನು ಹತ್ತಿ ನಡೆದುಬಿಡುತ್ತಾಳೆಂದು ನಂಬಿಕೆ. ಆದಕಾರಣ ಕೊಂಡವರೆಲ್ಲ ಹೊಸ ಹಗ್ಗಕ್ಕಾಗಿ ಅಜ್ಜನವರ ಬಳಿಗೆ ಬರುತ್ತಿದ್ದರು. ಅಜ್ಜನವರು ಬೆಲೆ ಹೇಳುತ್ತಿರಲಿಲ್ಲ. ಎದುರಿಗೆ ಒಂದು ಡಬ್ಬಿ. ತಿಳಿದಷ್ಟು ಹಾಕಬೇಕು, ಚಿಲ್ಲರೆ ಬೇಕಾದರೆ ತಾವೇ ತೆಗೆದುಕೊಳ್ಳಬೇಕು. ಡಬ್ಬಿಗೆ ಮುಚ್ಚಳವಿರಲಿಲ್ಲ.

ಆ ಮುಚ್ಚಳವಿಲ್ಲದ ಡಬ್ಬಿಯನ್ನು ಕಂಡಾಗಲೆಲ್ಲ ಈರಸಂಗಪ್ಪ ಅದರಿಂದ ಎಷ್ಟು ಸೋರಿಹೋಗಿರಬಹುದೆಂದು ಲೆಕ್ಕ ಹಾಕುತ್ತಿದ್ದ. ಅವನು ಆ ಪೇಟೆಯ ಹಿರಿಯ ದಲಾಲಿ. ಅಜ್ಜನವರ ಬಗ್ಗೆ ಅವನಿಗೆ ದ್ವೇಷವೇನೂ ಇರಲಿಲ್ಲ. ಒಳ್ಳೆಯವರು, ವ್ಯವಹಾರ ತಿಳಿಯದವರು ಎಂದು ಮರುಕ ಮಾತ್ರ ಇತ್ತು. ಪೇಟೆಗೆ ಹೋಗುವಾಗ ದೂರದಿಂದಲೇ ಒಂದು ನಮಸ್ಕಾರ ಎಸೆದು ಮುಂದೆ ಹೋಗುತ್ತಿದ್ದ.

ದನದ ವ್ಯಾಪಾರ ಬಾಯಿಂದ ನಡೆಯುವಂಥದ್ದಲ್ಲ. ದಲಾಲಿ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಮುಂಗೈ ಮೇಲೆ ಇಳಿಬಿಡುತ್ತಾನೆ. ಆ ಬಟ್ಟೆಯ ಮರೆಯಲ್ಲಿ ಮಾರುವವನ ಕೈ ಹಿಡಿದು ಬೆರಳು ಒತ್ತುತ್ತಾನೆ. ಒಂದು ಬೆರಳಿಗೆ ಒಂದು, ಎರಡಕ್ಕೆ ಎರಡು, ಇಡೀ ಅಂಗೈಗೆ ಐದು. ಅದು ನೂರೋ ಸಾವಿರವೋ ಎಂಬುದು ಎತ್ತನ್ನು ನೋಡಿದವರಿಗೆ ತಾನೇ ತಿಳಿಯುತ್ತದೆ. ಆಮೇಲೆ ಕೊಳ್ಳುವವನ ಬಳಿ ಹೋಗಿ, ಅದೇ ವಲ್ಲಿ, ಅದೇ ಮರೆ, ಅವನ ಬೆರಳು. ರೇಟು ಬಾಯಿಗೆ ಬಂದರೆ ಎತ್ತಿಗೆ ದೃಷ್ಟಿಯಾಗುತ್ತದೆ ಎಂದು ಇದಕ್ಕೆ ಕಾರಣ ಹೇಳುತ್ತಿದ್ದರು. ಎತ್ತಿಗೆ ದೃಷ್ಟಿ ತಾಕದಂತೆ ಈರಸಂಗಪ್ಪ ಬಹಳ ಎಚ್ಚರ ವಹಿಸುತ್ತಿದ್ದ. ಮಾರುವವನ ಮೂರು ಬೆರಳು ಒತ್ತಿ, ಕೊಳ್ಳುವವನ ನಾಲ್ಕು ಒತ್ತುತ್ತಿದ್ದ. ಉಳಿದ ಒಂದು ಬೆರಳು ವಲ್ಲಿಯೊಳಗೇ ಇರುತ್ತಿತ್ತು. ಅದರ ಮೇಲೆ ಇಬ್ಬರ ಕಡೆಯಿಂದಲೂ ದಲಾಲಿಯ ರೊಕ್ಕ ಬೇರೆ. ಇದನ್ನು ಯಾರೂ ಕಳ್ಳತನ ಎನ್ನುತ್ತಿರಲಿಲ್ಲ. ಕಳ್ಳತನಕ್ಕೆ ಕತ್ತಲೆ ಬೇಕು. ಇದು ಹಾಡಹಗಲು ನಾಲ್ಕು ಮಂದಿಯ ನಡುವೆ ನಡೆಯುತ್ತಿತ್ತು.

ಆದರೆ ದಲಾಲರಿಗೂ ಒಂದು ಧರ್ಮವಿತ್ತು. ಒತ್ತಿದ ಬೆರಳಿನಿಂದ ಹಿಂದೆ ಸರಿಯಬಾರದು. ಈ ಧರ್ಮವೇ ಈರಸಂಗಪ್ಪನಿಗೆ ಮುಳುವಾಯಿತು.

ಒಂದು ಚಳಿಗಾಲ ಅವನ ಬಲಗೈಗೆ ಜೋಮು ಹಿಡಿಯಿತು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ಹೀಗೆ ಒಂದೊಂದಾಗಿ ಬೆರಳುಗಳು ಅವನ ಮಾತು ಕೇಳುವುದನ್ನು ಬಿಟ್ಟವು. ಎಣ್ಣೆ ತಿಕ್ಕಿಸಿದ, ಕಾವು ಕೊಡಿಸಿದ, ಔಷಧ ಅಂಗಡಿಯವನು ಕೊಟ್ಟ ಗುಳಿಗೆ ನುಂಗಿದ. ಕೊನೆಗೊಂದು ಸಂತೆಯಲ್ಲಿ ಮಾರುವವನ ಮೂರು ಬೆರಳು ಒತ್ತಿದೆನೆಂದುಕೊಂಡು ಅಂಗೈಯನ್ನೇ ಹಿಡಿದುಬಿಟ್ಟ. ಕೊಳ್ಳುವವನು ಒಪ್ಪಿದ್ದು ನಾಲ್ಕಕ್ಕೆ. ಕೊರತೆ ಬಿದ್ದದ್ದನ್ನು ಈರಸಂಗಪ್ಪ ತನ್ನ ಅಂಗಿಯ ಕಿಸೆಯಿಂದ ತೆಗೆದುಕೊಟ್ಟ. ಮಾರಿದವನು ಹಿಗ್ಗಿ, ಇಂಥ ಪ್ರಾಮಾಣಿಕ ದಲಾಲಿಯನ್ನು ತಾನು ಕಂಡಿಲ್ಲವೆಂದು ಪೇಟೆಯ ತುಂಬ ಹೇಳಿಕೊಂಡು ತಿರುಗಿದ. ಬದುಕಿನಲ್ಲಿ ಮೊದಲ ಸಲ ಸಿಕ್ಕಿದ ಆ ಹೊಗಳಿಕೆಯನ್ನು ಕೇಳಿ ಈರಸಂಗಪ್ಪನಿಗೆ ಊಟ ಸೇರಲಿಲ್ಲ.

ಬೆರಳು ಹೋದ ದಲಾಲಿ ಎಂದರೆ ಕೊರಳು ಹೋದ ಹಾಡುಗಾರ. ಅವನಿಗೆ ಹೊಲವಿರಲಿಲ್ಲ, ಬೇರೆ ವಿದ್ಯೆಯಿರಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಹೆಂಡತಿ ನೀಲವ್ವ, ಒಮ್ಮೆ ಅಜ್ಜನವರ ಕಡೆಗಾದರೂ ಹೋಗಿಬರ್ರಿ ಎಂದಾಗ, ಹಗ್ಗ ಹೊಸೆಯುವವರಿಗೆ ನರದ ವಿಷಯ ಏನು ಗೊತ್ತು ಎಂದ. ಮುಂದಿನ ಸಂತೆಯ ದಿನ, ಪೇಟೆ ಚದುರಿದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಚಪ್ಪರದೊಳಗೆ ಹೋದ.

ಅಜ್ಜನವರು, ಏನಾಗಿದೆ, ಕೈ ತೋರಿಸು ಎಂದರು. ಈರಸಂಗಪ್ಪ ಮುಂದೆ ಬಂದು ಕೂತು, ವಲ್ಲಿಯನ್ನು ಮುಂಗೈ ಮೇಲೆ ಇಳಿಬಿಟ್ಟು, ಅದರ ಕೆಳಗಿನಿಂದ ಕೈ ಚಾಚಿದ. ಹಾಗೆ ಮಾಡಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಆ ಕೈ ಇನ್ನೊಬ್ಬರ ಮುಂದೆ ಬರಿದಾಗಿ ಹೋಗಿ ಎಷ್ಟು ಕಾಲವಾಗಿತ್ತೋ.

ಅಜ್ಜನವರು ಹಗ್ಗವನ್ನು ಕೆಳಗಿಟ್ಟರು. ಯಾರು ಬಂದರೂ ಹಗ್ಗ ಬಿಡದ ಆ ಕೈಗಳು ವಲ್ಲಿಯನ್ನು ಮೆಲ್ಲಗೆ ಸರಿಸಿ, ಅವನ ಕೈಯನ್ನು ಬೆಳಕಿಗೆ ಹಿಡಿದು, ಮಗುವಿನ ಕೈಯನ್ನು ನೋಡುವಂತೆ ತಿರುಗಿಸಿ ನೋಡಿದವು.

“ಕೈ ಸೋತದ, ತಮ್ಮಾ,” ಎಂದರು. “ಸೋಲಲಿ. ಬಾಯಿ ಗಟ್ಟಿ ಐತಿಲ್ಲೋ?”

ಈರಸಂಗಪ್ಪನಿಗೆ ಅರ್ಥವಾಗಲಿಲ್ಲ. ಅಜ್ಜನವರು ಮತ್ತೊಂದು ಮಾತು ಹೇಳಿದರು.

“ಈ ವಲ್ಲಿ ಮಠಕ್ಕ ಕೊಡು.”

ಅವನಿಗೆ ಹಗುರವೆನಿಸಿತು. ಚೀಲ ಜೋಳ ಕೇಳಿಯಾರು, ದಾಸೋಹಕ್ಕೆ ಅಕ್ಕಿ ಕೇಳಿಯಾರು ಎಂದು ಹೆದರಿದ್ದ. ಕೆಂಪು ಅಂಚಿನ ಹಳೆಯ ವಲ್ಲಿ, ಹೋದರೆ ಹೋಯಿತು. ಮಡಚಿ ಅವರ ಪಾದದ ಬಳಿ ಇಟ್ಟು ಬಂದ. ಮನೆಯ ದಾರಿಯಲ್ಲಿ ಅರ್ಧ ನಡೆದ ಮೇಲೆ, ಈ ಮಠ ತನ್ನಿಂದ ತೆಗೆದುಕೊಂಡದ್ದು ಏನು ಎಂಬುದು ಅವನಿಗೆ ಹೊಳೆಯಿತು. ಅಲ್ಲಿಯೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತ.

ವಲ್ಲಿಗೇನು ಬರವೇ? ಮನೆಗೆ ಬಂದವನೇ ಟ್ರಂಕು ತೆಗೆದ. ನೀಲವ್ವ ಅದರ ಮುಚ್ಚಳದ ಮೇಲೆ ಕೈ ಇಟ್ಟಳು.

“ಅಜ್ಜಾರು ಇಸ್ಕೊಂಡ ಮ್ಯಾಲ ಮತ್ತೊಂದು ಹೊತ್ಕೊಂಡ್ರ, ಅವರು ಅದನ್ನೂ ಇಸ್ಕೋತಾರ. ಎಷ್ಟು ವಲ್ಲಿ ತರೋರು ನೀವು?”

ಮುಂದಿನ ಸಂತೆಗೆ ಈರಸಂಗಪ್ಪ ಬರಿ ಹೆಗಲಲ್ಲಿ ಹೋದ. ವಲ್ಲಿಯಿಲ್ಲದ ದಲಾಲಿಯನ್ನು ಆ ಪೇಟೆ ನೋಡಿರಲಿಲ್ಲ. ಅವನ ಜೊತೆಯ ದಲಾಲಿ ಬುಡ್ಡೇಸಾಬ ಚಹದಂಗಡಿಯಿಂದಲೇ, ವಲ್ಲಿ ಗಿರವಿ ಇಟ್ಟಿಯೇನೋ ಎಂದು ಕೇಳಿದ. ಮಠದಾಗ ಐತಿ ಎಂದ ಈರಸಂಗಪ್ಪ.

“ಮಠದಾಗ ಗಿರವಿ ತಗೋತಾರಂತ ನನಗ ಗೊತ್ತಿರಲಿಲ್ಲ ಬಿಡಪಾ,” ಎಂದ ಬುಡ್ಡೇಸಾಬ. “ಬಡ್ಡಿ ಎಷ್ಟಂತ?”

ಬಡ್ಡಿ ಬಹಳವಿತ್ತು. ಆ ದಿನ ಒಂದು ವ್ಯವಹಾರವೂ ಆಗಲಿಲ್ಲ. ಅವನು ರೇಟನ್ನು ಬಾಯಿಬಿಟ್ಟು ಹೇಳುತ್ತಲೇ ಮಾರುವವರು ಎತ್ತಿನ ಮುಖಕ್ಕೆ ಅಡ್ಡ ನಿಂತು, ನಮ್ಮ ದನಕ್ಕೆ ದೃಷ್ಟಿ ಹಚ್ಚಬೇಡಪ್ಪಾ ಎಂದು ಬೇರೆ ಕಡೆ ಎಳೆದುಕೊಂಡು ಹೋದರು. ಅದರ ಮುಂದಿನ ಸಂತೆಯೂ ಹಾಗೆಯೇ. ಮನೆಯಲ್ಲಿ ರೊಟ್ಟಿಯ ಜೊತೆಗಿನ ಪಲ್ಯ ಮೊದಲು ತೆಳ್ಳಗಾಯಿತು, ಆಮೇಲೆ ಕಾಣೆಯಾಯಿತು. ಈರಸಂಗಪ್ಪ ಚಪ್ಪರದ ಮುಂದೆ ಹಾಯುವಾಗ ಈಗ ದೂರದ ನಮಸ್ಕಾರವನ್ನೂ ಮಾಡುತ್ತಿರಲಿಲ್ಲ. ಅಜ್ಜನವರು ಮಾತ್ರ ಅವನನ್ನು ನೋಡಿ ಪ್ರತಿ ಸಲವೂ ತಲೆಯಾಡಿಸುವರು, ಎಲ್ಲವೂ ಸರಿಯಾಗಿಯೇ ನಡೆದಿದೆ ಎನ್ನುವ ಹಾಗೆ.

ಆ ಬಳಿಕದ ಸಂತೆಗೆ ಫಕೀರವ್ವ ಬಂದಳು. ಪಕ್ಕದ ಹಳ್ಳಿಯ ವಿಧವೆ. ತನ್ನ ಹೊಲವನ್ನು ತಾನೇ ನಿಂತು ಮಾಡಿಸುವ ಗಟ್ಟಿ ಹೆಂಗಸು. ಆ ಪೇಟೆಯಲ್ಲಿ ಹೆಂಗಸರು ಎತ್ತು ಮಾರುವುದು ಸಾಧ್ಯವಿರಲಿಲ್ಲ. ಬೇಡವೆಂದವರು ಯಾರೂ ಇಲ್ಲ. ಆದರೆ ಪರಪುರುಷನ ಜೊತೆ ವಲ್ಲಿಯ ಕೆಳಗೆ ಕೈ ಹಿಡಿಯುವ ಹೆಂಗಸು ಯಾರು? ಹಾಗಾಗಿ ಅವರ ಪರವಾಗಿ ಮೈದುನರೋ ಅಳಿಯಂದಿರೋ ಬರುತ್ತಿದ್ದರು. ಮರ್ಯಾದೆ ಉಳಿಯುತ್ತಿತ್ತು, ರೊಕ್ಕ ದಾರಿಯಲ್ಲಿ ಅಷ್ಟಿಷ್ಟು ಉದುರುತ್ತಿತ್ತು.

ಫಕೀರವ್ವ ಎತ್ತನ್ನು ನೇರವಾಗಿ ಈರಸಂಗಪ್ಪನ ಮುಂದೆ ತಂದು ನಿಲ್ಲಿಸಿದಳು.

“ನಮ್ಮ ಮೈದುನ ವಲ್ಲಿ ಕೆಳಗ ಒಂದು ರೇಟು ಮಾಡ್ತಾನ, ಮನಿಗೆ ಬಂದು ಒಂದು ರೇಟು ಹೇಳ್ತಾನ. ನೀ ಬಾಯಿಲೇ ಹೇಳ್ತೀಯಂತಲ್ಲೋ ಅಣ್ಣಾ. ಹೇಳು, ಕೇಳೂನು.”

ದೃಷ್ಟಿಯಾಗುತ್ತದೆ ಎಂದು ಯಾರೋ ಹಿಂದಿನಿಂದ ಎಚ್ಚರಿಸಿದರು. ತನ್ನ ಎತ್ತು ಮೈದುನನ ದೃಷ್ಟಿಯನ್ನೇ ತಾಳಿಕೊಂಡಿದೆ, ನಿಮ್ಮದೇನು ಮಹಾ ಎಂದಳು ಫಕೀರವ್ವ.

ಈರಸಂಗಪ್ಪ ರೇಟು ಕೂಗಿದ. ಒಬ್ಬ ರೈತ ಇನ್ನೂರು ಕಡಿಮೆ ಕೇಳಿದ. ವಲ್ಲಿಯ ಕೆಳಗಾದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಮಾತು ಗಾಳಿಯಲ್ಲಿತ್ತು. ಅತ್ತ ಬೀಡಿ ಸೇದುತ್ತ ನಿಂತಿದ್ದ ಇನ್ನೊಬ್ಬ ಅದನ್ನು ಕೇಳಿ ನೂರು ಏರಿಸಿದ. ಮೊದಲಿನವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅವನೂ ಏರಿಸಿದ. ಕೊನೆಗೆ ಈರಸಂಗಪ್ಪ ಮೊದಲು ಕೂಗಿದ್ದಕ್ಕಿಂತ ಹೆಚ್ಚಿಗೇ ಎತ್ತು ಹೋಯಿತು. ಆಮೇಲೆ ಅವನು ತನ್ನ ದಲಾಲಿ ಇನ್ನೂರು ಎಂದು ಅದನ್ನೂ ಬಾಯಿಬಿಟ್ಟು ಹೇಳಿದ. ಇನ್ನೂರು ಯಾತಕ್ಕ ಎಂದು ಫಕೀರವ್ವ ಜಗ್ಗಾಡಿ ನೂರೈವತ್ತಕ್ಕೆ ಇಳಿಸಿದಳು. ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ತಿಂದಾಗ ಯಾರೂ ತಕರಾರು ಮಾಡಿರಲಿಲ್ಲವಲ್ಲ ಎಂದು ಅವನಿಗೆ ನೋವಾಯಿತು. ಯಾರಿಗೂ ಗೊತ್ತಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಮುಂದಿನ ಸಂತೆಗೆ ನಾಲ್ಕಾರು ಹೆಂಗಸರು ಬಂದರು. ಅವರ ಹಿಂದೆ, ಮೈದುನರನ್ನು ನಂಬದ ಗಂಡಸರೂ ಬಂದರು. ಪಲ್ಯ ಮನೆಗೆ ಮರಳಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಈರಸಂಗಪ್ಪನ ಬೆರಳುಗಳಿಗೆ ಮತ್ತೆ ಜೀವ ಬಂತು. ಅಜ್ಜನವರ ಕೃಪೆ ಎಂದು ಭಕ್ತರು ಹೇಳುತ್ತಾರೆ; ತನ್ನ ಗುಳಿಗೆಯ ಗುಣ ಎಂದು ಔಷಧ ಅಂಗಡಿಯವನು. ಇಬ್ಬರಿಗೂ ಕೈಮುಗಿದು ಮುಂದೆ ಹೋಗುವುದು ಲೇಸು. ಏಕೆಂದರೆ ಅವನ ನಿಜವಾದ ಪರೀಕ್ಷೆ ಕೈ ಸೋತಾಗ ಬಂದದ್ದಲ್ಲ, ಕೈ ಗೆದ್ದ ಮೇಲೆ ಬಂದದ್ದು.

ಬೆರಳು ಸರಿಯಾದ ಸುದ್ದಿ ಕೇಳಿ ದೂರದ ಒಬ್ಬ ದೊಡ್ಡ ವ್ಯಾಪಾರಿ ಪೇಟೆಗೆ ಬಂದ. ಅವನಿಗೆ ಬೇರೊಬ್ಬರ ರೊಕ್ಕದಲ್ಲಿ ಒಟ್ಟಿಗೇ ಹದಿನೈದಿಪ್ಪತ್ತು ಜೊತೆ ಎತ್ತು ಬೇಕಿದ್ದವು. ಒಂದೇ ಕರಾರು: ಹಳೆಯ ಪದ್ಧತಿ, ವಲ್ಲಿಯ ಕೆಳಗೆ. ಅಲ್ಲಿ ಉಳಿಯುವುದರಲ್ಲಿ ಇಬ್ಬರಿಗೂ ಪಾಲು. ಈರಸಂಗಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದೇ ಸಂತೆಯಲ್ಲಿ ಮಗಳ ಮದುವೆ ಮುಗಿಯುತ್ತಿತ್ತು. ಇದೊಂದೇ ಸಲ ಎಂದುಕೊಂಡ. ಹೊಸ ವಲ್ಲಿ ಕೊಂಡರೆ ಅಜ್ಜನವರ ಮಾತು ಮೀರಿದಂತೆ. ಹಳೆಯದನ್ನು ಅವರೇ ಮರಳಿ ಕೊಟ್ಟರೆ ಅದು ಪ್ರಸಾದ. ಧರ್ಮಸೂಕ್ಷ್ಮವನ್ನು ಹೀಗೆ ಬಗೆಹರಿಸಿಕೊಂಡು, ಒಂದು ತೆಂಗಿನಕಾಯಿ ಹಿಡಿದು ಚಪ್ಪರಕ್ಕೆ ನಡೆದ. ವ್ಯಾಪಾರಿ ಎದುರಿನ ಚಹದಂಗಡಿಯಲ್ಲಿ ಕಾದು ಕೂತ.

ಅಜ್ಜನವರು ಹಗ್ಗ ಹೊಸೆಯುತ್ತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಹಗ್ಗದ ಒಂದು ತುದಿಯನ್ನು ಚಾಚಿ, ಹಿಡಿ ಎಂದರು. ಹಗ್ಗ ಬಿಗಿಯಬೇಕಾದರೆ ಆ ಕಡೆ ಒಬ್ಬರು ಹಿಡಿಯಲೇಬೇಕು. ಈರಸಂಗಪ್ಪ ಕಾಯಿಯನ್ನು ಕೆಳಗಿಟ್ಟು ಬಲಗೈಯಿಂದ ಹಿಡಿದ. ಅಜ್ಜನವರು ತಿರುವುತ್ತ ಹೋದರು. ಹುರಿ ಏರಿದಂತೆ ಎಳೆತ ಬಲವಾಯಿತು. ಅವನ ಐದೂ ಬೆರಳು ಅದನ್ನು ತಡೆದು ನಿಂತವು. ಆಗ ಅವನ ಕಣ್ಣಿಗೆ ನಾರಿನ ನಡುವೆ ಒಂದು ಕೆಂಪು ಎಳೆ ಕಂಡಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ ಕೆಂಪು. ಅವನ ವಲ್ಲಿಯನ್ನು ಉದ್ದಕ್ಕೆ ಸೀಳಿ ಪುಂಡಿಯ ಜೊತೆ ಸೇರಿಸಿ ಅಜ್ಜನವರು ಹೊಸೆಯುತ್ತಿದ್ದರು.

ಮರಳಿ ಕೇಳಲು ವಲ್ಲಿಯೇ ಉಳಿದಿರಲಿಲ್ಲ.

“ಬೆರಳು ಎಲ್ಲಾ ಬಂದಾವೇನು?” ಎಂದು ಅಜ್ಜನವರು ತಲೆಯೆತ್ತದೆ ಕೇಳಿದರು.

“ಬಂದಾವರೀ ಅಜ್ಜಾರ.”

“ಹಂಗಾರ ಬಿಡಬ್ಯಾಡ.”

ಈರಸಂಗಪ್ಪ ಬಿಡಲಿಲ್ಲ. ಹಗ್ಗದ ಹುರಿ ಅಂಗೈಯನ್ನು ಕೊರೆಯುತ್ತಿದ್ದರೂ ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿ ಇಳಿಯಿತು. ಒರೆಸಿಕೊಳ್ಳಲು ಹೆಗಲ ಮೇಲೆ ಏನೂ ಇರಲಿಲ್ಲ.

ಹಗ್ಗ ಮುಗಿಯುವ ಹೊತ್ತಿಗೆ ಫಕೀರವ್ವ ಬಂದಳು. ಆ ದಿನ ಅವಳು ಹೊಸ ಎತ್ತೊಂದನ್ನು ಕೊಂಡಿದ್ದಳು. ಅದಕ್ಕೆ ಹಗ್ಗ ಬೇಕಿತ್ತು. ಅಜ್ಜನವರು ಈರಸಂಗಪ್ಪನ ಕಡೆ ನೋಡಿ, ಕೊಡು ಎಂದು ಸನ್ನೆ ಮಾಡಿದರು. ಅವನು ತನ್ನ ಕೈಯಿಂದಲೇ ಎತ್ತಿ ಕೊಟ್ಟ. ಫಕೀರವ್ವ ಹಗ್ಗವನ್ನು ಎಳೆದು ನೋಡಿದಳು, ಕೆಂಪು ಎಳೆ ಕಂಡು ಮೆಚ್ಚಿದಳು, ಎಂದಿನದಕ್ಕಿಂತ ಎಷ್ಟು ಹೆಚ್ಚು ಹಾಕಬೇಕೆಂದು ಅಜ್ಜನವರನ್ನು ಕೇಳಿದಳು.

“ಅವನ್ನ ಕೇಳವ್ವಾ,” ಎಂದರು ಅಜ್ಜನವರು. “ಇದರ ರೇಟು ಅವಗ ಗೊತ್ತು.”

ಈರಸಂಗಪ್ಪ ಹೊರಗೆ ನೋಡಿದ. ಅತ್ತ ಚಹದಂಗಡಿಯಲ್ಲಿ ವ್ಯಾಪಾರಿ ಎದ್ದು ನಿಂತು ಇತ್ತ ನೋಡುತ್ತಿದ್ದ.

“ಇದರ ರೇಟು ಬಾಳ ಐತಿ, ತಂಗೆವ್ವಾ,” ಎಂದ ಈರಸಂಗಪ್ಪ. “ನಾ ಕೊಟ್ಟೇನಿ. ನೀ ತಗೊಂಡು ಹೋಗು.”

ಅಜ್ಜನವರ ಪಾದಕ್ಕೆ ಹಣೆ ಹಚ್ಚಿ ಹೊರಗೆ ಬಂದ. ವ್ಯಾಪಾರಿ ತನ್ನದೇ ವಲ್ಲಿಯನ್ನು ಮುಂಗೈ ಮೇಲೆ ಇಳಿಬಿಟ್ಟು ಕೈ ಚಾಚಿ ಕಾಯುತ್ತಿದ್ದ. ಈರಸಂಗಪ್ಪ ಹತ್ತಿರ ಹೋಗಲಿಲ್ಲ. ಪೇಟೆಯ ಬಾಗಿಲಲ್ಲೇ ನಿಂತು, ಒಂದು ಜೊತೆ ಎತ್ತಿಗೆ ಎಷ್ಟು, ಅದರಲ್ಲಿ ತನ್ನದೆಷ್ಟು ಎಂಬುದನ್ನು ಅಲ್ಲಿಂದಲೇ ಕೂಗಿ ಹೇಳಿದ. ದನ, ಮಂದಿ, ಬುಡ್ಡೇಸಾಬ, ಎಲ್ಲರೂ ತಿರುಗಿ ನೋಡಿದರು.

ಚಪ್ಪರದ ಒಳಗೆ ಅಜ್ಜನವರು ಹೊಸ ನಾರು ಕೈಗೆತ್ತಿಕೊಂಡರು.