ಗೆದ್ದವನ ಹ್ಯಾಂಡಲ್

"ಬುದ್ಧಿ, ನೀವು ಎದ್ದಾಗ ನಾನೂ ಏಳುತ್ತೇನೆ. ನೀವು ಉಂಡಷ್ಟೇ ಉಣ್ಣುತ್ತೇನೆ. ನೀವು ಕೂತಷ್ಟೇ ಹೊತ್ತು ಕೂರುತ್ತೇನೆ. ಆದರೂ ಧ್ಯಾನಕ್ಕೆಂದು ಕಣ್ಣು ಮುಚ್ಚಿದರೆ ಬರುವುದು ನಿದ್ದೆಯೊಂದೇ. ನಾನು ಈ ಮಠಕ್ಕೆ ತಕ್ಕವನಲ್ಲವೋ ಏನೋ. ಊರಿಗೆ ಹೋಗಿಬಿಡಲೇ?"

ಹೀಗೆ ಕೇಳಿದವನು ಚೆನ್ನವೀರ. ಮಠ ಸೇರಿ ಎಂಟು ತಿಂಗಳಾಗಿತ್ತು. ಆ ದಿನ ಬೆಳಿಗ್ಗೆ ಪ್ರಸಾದಕ್ಕೆ ಮುಂಚೆಯೇ ಎರಡು ಸಲ ತೂಕಡಿಸಿದ್ದ. ಮೂರನೆಯ ಸಲ ಮುಗ್ಗರಿಸಿ ಎದುರಿನ ಕಂಬಕ್ಕೆ ಹಣೆ ಬಡಿದುಕೊಂಡಿದ್ದ. ಕಂಬಕ್ಕೆ ಏನೂ ಆಗಿರಲಿಲ್ಲ. ಗುರುಗಳು ಅವನ ಹಣೆಯ ಮೇಲಿನ ಬುಗುಟನ್ನು ನೋಡಿದರು. ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ. ಕೂರು ಅಂದರು. ಕೂತ ಮೇಲೆ ಒಂದು ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಸವಾರನಿದ್ದ. ಅವನ ಬಳಿ ಒಂದು ರೇಸ್ ಸೈಕಲ್ ಇತ್ತು. ಹ್ಯಾಂಡಲ್ ಟಗರಿನ ಕೊಂಬಿನಂತೆ ಮುಂದೆ ಹೋಗಿ ಕೆಳಕ್ಕೆ ಸುತ್ತಿಕೊಂಡದ್ದು. ಅದನ್ನು ಹತ್ತಿದರೆ ಅವನಿಗೆ ಹಸಿವು ನೀರಡಿಕೆ ನೆನಪಾಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಊರಿನಿಂದ ಗುಡ್ಡದವರೆಗೆ ಹೋಗಿ ತಿರುಗಿ ಬರುವ ಪಂದ್ಯ ನಡೆಯುತ್ತಿತ್ತು. ಸವಾರ ಗೆಲ್ಲುತ್ತಿರಲಿಲ್ಲ. ಇಪ್ಪತ್ತನೆಯವನೋ ಇಪ್ಪತ್ತೆರಡನೆಯವನೋ ಆಗಿ ಬಂದು, ಹಂಚುತ್ತಿದ್ದ ಮಂಡಕ್ಕಿ ತಿಂದು, ಸಂತೋಷವಾಗಿ ಮನೆಗೆ ಹೋಗುತ್ತಿದ್ದ.

ಗೆಲ್ಲುತ್ತಿದ್ದವನು ಪಕ್ಕದೂರಿನ ಒಬ್ಬ ಟಪಾಲಿನವನು. ಮೂರು ವರ್ಷ, ಮೂರು ಸಲವೂ ಅವನೇ. ಅವನ ಹ್ಯಾಂಡಲ್ ಎಷ್ಟು ಕೆಳಗಿತ್ತೆಂದರೆ, ಓಡಿಸುವಾಗ ಮುಂದಿನ ಚಕ್ರದ ಕಿವಿಯಲ್ಲಿ ಏನೋ ಗುಟ್ಟು ಹೇಳುತ್ತಿರುವಂತೆ ಕಾಣುತ್ತಿದ್ದ. ಅವನು ಗಾಳಿಯ ಹೊಟ್ಟೆಯ ಕೆಳಗೆ ನುಸುಳಿ ಹೋಗುತ್ತಾನೆ ಎಂದು ಜನ ಹೇಳುತ್ತಿದ್ದರು. ಆ ಮಾತು ಸವಾರನ ತಲೆ ಹೊಕ್ಕಿತು. ಗೆಲುವು ಇರುವುದು ಕಾಲಿನಲ್ಲಲ್ಲ, ಹ್ಯಾಂಡಲ್ಲಿನಲ್ಲಿ ಎಂದು ಅವನಿಗೆ ಖಾತ್ರಿಯಾಯಿತು.

ಆಯುಧಪೂಜೆ ಬಂತು. ಆ ದಿನ ಸುತ್ತಲಿನ ಊರುಗಳ ಸೈಕಲ್‌ಗಳನ್ನೆಲ್ಲ ತೊಳೆದು, ಒಂದೇ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಪೂಜೆ ಮಾಡುವುದು ಅಲ್ಲಿನ ರೂಢಿ. ಗೆದ್ದವನ ಸೈಕಲ್ಲಿಗೆ ಯಾರು ಬೇಕಾದರೂ ಹೂವು ಏರಿಸಬಹುದು. ಸವಾರನೂ ಚೆಂಡುಹೂವಿನ ಹಾರ ಹಿಡಿದು ಹೋದ. ಹಾಕುವವನಂತೆ ನಟಿಸುತ್ತ, ಹಾರದ ದಾರವನ್ನು ನೆಲದಿಂದ ಹ್ಯಾಂಡಲ್ಲಿನವರೆಗೆ ಎಳೆದು ಹಿಡಿದು, ಅಳತೆ ಸಿಕ್ಕಲ್ಲಿ ಒಂದು ಗಂಟು ಹಾಕಿದ. ನೆಲಕ್ಕೆ ಬಗ್ಗಿದ್ದವನು ಎಷ್ಟು ಹೊತ್ತಾದರೂ ಮೇಲೇಳದ್ದನ್ನು ಕಂಡು, ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಅವನ ಭಕ್ತಿಗೆ ಕೈಮುಗಿದಳು.

ಮನೆಗೆ ಬಂದು ತನ್ನ ಹ್ಯಾಂಡಲ್ಲನ್ನು ಆ ಗಂಟಿನ ಮಟ್ಟಕ್ಕೆ ಇಳಿಸಿದ. ಮೂರು ಬೆರಳು ಇಳಿಯಿತು. ಟಪಾಲಿನವನು ತೆಂಗಿನ ಮರದಂಥ ಆಳು. ನಿಂತರೆ ಕೈ ಮೊಣಕಾಲು ಮುಟ್ಟುತ್ತಿತ್ತು. ಸವಾರನೋ, ರಾಗಿ ಚೀಲಕ್ಕೆ ಅಂಗಿ ತೊಡಿಸಿದ ಹಾಗಿದ್ದ. ದಾರ ಅದನ್ನೆಲ್ಲ ಹೇಳಲಿಲ್ಲ. ದಾರಕ್ಕೆ ಗೊತ್ತಿದ್ದದ್ದು ಎತ್ತರವೊಂದೇ.

ಮೊದಲ ದಿನ ಕುತ್ತಿಗೆ ಹಿಡಿಯಿತು. ಮೂರನೆಯ ದಿನ ಬೆರಳುಗಳಿಗೆ ಜೋಮು ಹತ್ತಿತು; ಊಟಕ್ಕೆ ಕೂತರೆ ಮುದ್ದೆ ಮುರಿದದ್ದೂ ತಿಳಿಯದು, ಸಾರಿಗೆ ಅದ್ದಿದ್ದೂ ತಿಳಿಯದು. ನೋವು ಬಂದರೆ ಜಾಣನಾದವನು ವೈದ್ಯನ ಬಳಿ ಹೋಗುತ್ತಾನೆ. ಇವನು ಕನ್ನಡಿಯ ಬಳಿ ಹೋದ. ಸೈಕಲ್ಲನ್ನು ಗೋಡೆಗೆ ಆನಿಸಿ, ಹತ್ತಿ ಕೂತು, ಓರೆಗಣ್ಣಿನಲ್ಲಿ ನೋಡಿಕೊಂಡ. ಥೇಟ್ ಟಪಾಲಿನವನೇ. ಅಂದಿನಿಂದ ನೋವಿಗೆ ತಪಸ್ಸು ಎಂದು ಹೆಸರಿಟ್ಟ. ದಾರಿಯಲ್ಲಿ ಕಂಡವರೂ ಈಗ ನೋಡಪ್ಪ, ಸವಾರ ಅಂದರೆ ಇವನು ಎಂದು ಹೊಗಳಿದರು. ಹೊಗಳಿದವರ ಕುತ್ತಿಗೆ ಯಾವುದೂ ನೋಯುತ್ತಿರಲಿಲ್ಲ.

ಆಮೇಲೆ ಶುರುವಾಯಿತು ಉಪಚಾರ. ಕುತ್ತಿಗೆಗೆ ಎಣ್ಣೆ ಹಚ್ಚಿಸಿದ. ಕೈಗೆ ಸ್ಪಂಜಿನ ಗವಸು ತೊಟ್ಟ. ಸೀಟನ್ನು ಹಿಂದಕ್ಕೆ ಸರಿಸಿದ, ಮುಂದಕ್ಕೆ ಸರಿಸಿದ, ಕೊನೆಗೆ ಸೀಟನ್ನೇ ಬದಲಿಸಿದ. ಹ್ಯಾಂಡಲ್ಲಿಗೆ ಮಾತ್ರ ಕೈ ಹಚ್ಚಲಿಲ್ಲ. ಅದು ಗೆದ್ದವನ ಅಳತೆ, ಅದು ತಪ್ಪಿರಲು ಹೇಗೆ ಸಾಧ್ಯ? ತಪ್ಪು ಇದ್ದರೆ ತನ್ನ ಮೈಯಲ್ಲಿರಬೇಕು.

ಆ ವರ್ಷದ ಪಂದ್ಯದಲ್ಲಿ ಅವನು ಗುಡ್ಡವನ್ನೇ ಮುಟ್ಟಲಿಲ್ಲ. ಅರ್ಧ ದಾರಿಯಲ್ಲಿ ಬ್ರೇಕು ಹಿಡಿಯಲೂ ಕೈಗೆ ಬಲವಿಲ್ಲದೆ ಹುಣಸೆಮರದ ಕೆಳಗೆ ಉದ್ದಕ್ಕೆ ಮಲಗಿಬಿಟ್ಟ. ಅವನೂ ಅವನ ಸೈಕಲ್ಲೂ ಎತ್ತಿನ ಗಾಡಿಯಲ್ಲಿ ಊರಿಗೆ ಬಂದರು. ಹೆಂಡತಿ ಬೈಯಲಿಲ್ಲ. ಮೊದಲೆಲ್ಲ ಸೈಕಲ್ ಹತ್ತುವಾಗ ನಿನ್ನ ಮುಖ ಮದುವೆಗೆ ಹೊರಟವನ ಹಾಗಿರುತ್ತಿತ್ತು, ಈಗ ಮಣ್ಣಿಗೆ ಹೊರಟವನ ಹಾಗಿರುತ್ತದೆ ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ತನ್ನ ಮೈಗೆ ಸವಾರಿ ಆಗಿಬರುವುದಿಲ್ಲ ಎಂದು ಅವನು ತೀರ್ಮಾನಿಸಿದ. ಸೈಕಲ್ಲನ್ನು ಭಾವಮೈದುನನಿಗೆ ಕೊಟ್ಟುಬಿಡುವುದು, ಇನ್ನು ಮೇಲೆ ನಡೆದು ತಿರುಗುವುದು. ಕೊಡುವ ಮುಂಚೆ ಒಮ್ಮೆ ಎಣ್ಣೆ ಬಿಡಿಸೋಣವೆಂದು ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋದ. ಹತ್ತದೆ ತಳ್ಳಿಕೊಂಡು ಹೋದದ್ದು ಅದೇ ಮೊದಲು. ದಾರಿಯಲ್ಲಿ ಕಣ್ಣಿಗೆ ಧೂಳು ಬಿತ್ತು ಎಂದು ಎದುರು ಬಂದವರಿಗೆಲ್ಲ ಹೇಳಿದ. ಅಂದು ಗಾಳಿಯೇ ಬೀಸುತ್ತಿರಲಿಲ್ಲ.

ಅಂಗಡಿಯ ಮುದುಕ ಸೈಕಲ್ಲನ್ನು ನೋಡಲಿಲ್ಲ, ಸವಾರನನ್ನು ನೋಡಿದ. ಗೋಡೆ ಹಿಡಿದು ಹತ್ತಿ ಕೂರಲು ಹೇಳಿದ. ಎದುರಿನ ಅಂಗಡಿಯ ಬೋರ್ಡು ಓದು ಅಂದ. ಸವಾರನಿಗೆ ತನ್ನ ಮುಂದಿನ ಚಕ್ರದ ಹೊರತು ಏನೂ ಕಾಣಲಿಲ್ಲ. ಹ್ಯಾಂಡಲ್ಲಿನಿಂದ ಒಂದು ಗಳಿಗೆ ಕೈ ಬಿಡು ಅಂದ ಮುದುಕ. ಬಿಟ್ಟ ಕೂಡಲೇ ಮೂಗು ಹ್ಯಾಂಡಲ್ಲಿಗೆ ಹೋಗಿ ಬಡಿಯಿತು.

"ಈ ಅಳತೆ ಯಾರದು ತಮ್ಮಾ?" ಎಂದು ಕೇಳಿದ ಮುದುಕ.

"ಗೆದ್ದವನದು, ಅಜ್ಜ."

"ಹಾಗಾದರೆ ಅವನ ಬೆನ್ನನ್ನೂ ಇಸ್ಕೊಂಡು ಬರಬೇಕಿತ್ತು."

ಮುದುಕ ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡಾಗ ಸವಾರ ಅವನ ಕೈ ಹಿಡಿದ. ಏರಿಸಿದರೆ ಹಾಲು ಹಾಕುವವನ ಸೈಕಲ್ಲಿನಂತೆ ಕಾಣುತ್ತದೆ, ಊರವರು ನಗುತ್ತಾರೆ ಅಂದ. ಹಾಲು ಹಾಕುವವನು ಮೂವತ್ತು ವರ್ಷದಿಂದ ತುಳಿಯುತ್ತಿದ್ದಾನೆ, ಒಂದು ದಿನವೂ ಹುಣಸೆಮರದ ಕೆಳಗೆ ಮಲಗಿಲ್ಲ ಅಂದ ಮುದುಕ. ಸುದ್ದಿ ಅಂಗಡಿಯವರೆಗೂ ಬಂದಿತ್ತು. ಸವಾರ ಕೈ ಬಿಟ್ಟ.

ಮುದುಕ ಹ್ಯಾಂಡಲ್ಲಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸಿದ. ಅದರ ತಲೆಯ ಮೇಲೊಂದು ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಒಳಗೆ ಏನೋ ಟಕ್ಕೆಂದು ಬಿಟ್ಟುಕೊಂಡಿತು. ಎರಡು ಬೆರಳು ಮೇಲೆತ್ತಿ, ಚಕ್ರವನ್ನು ಮೊಣಕಾಲುಗಳ ನಡುವೆ ಅವುಕಿ ಹಿಡಿದು, ನೇರ ಮಾಡಿ ಬಿಗಿದ. ಕಾಲುವೆಯವರೆಗೆ ಹೋಗಿ ಬಾ ಅಂದ.

ಹೊರಟ ಸವಾರ ನೋವಿಗಾಗಿ ಕಾಯತೊಡಗಿದ. ಹಲ್ಲು ಕಚ್ಚಿ ಒಂದು ಫರ್ಲಾಂಗು ಹೋದ. ನೋವು ಬರಲಿಲ್ಲ. ಇನ್ನೊಂದು ಫರ್ಲಾಂಗು ಹೋದ. ಕಚ್ಚಿದ ಹಲ್ಲು ತಾನಾಗಿ ಬಿಟ್ಟಿತು. ಉಸಿರು ಎದೆಯಿಂದ ಇಳಿದು ಹೊಟ್ಟೆಯವರೆಗೆ ಹೋಯಿತು. ಇರುವೆ ಹರಿದಂತಾಗಿ ಬೆರಳುಗಳು ಒಂದೊಂದಾಗಿ ಮನೆಗೆ ಬಂದವು, ಎಲ್ಲಕ್ಕಿಂತ ಕೊನೆಗೆ ಕಿರುಬೆರಳು. ತಲೆ ಎತ್ತಿದರೆ ರಸ್ತೆ ಕಂಡಿತು. ರಸ್ತೆಯ ಪಕ್ಕ ಒಂದು ಹೊಸ ಮನೆ ಎದ್ದಿತ್ತು. ಹೆಂಚು ಹೊದಿಸಿ, ಸುಣ್ಣ ಬಳಿದು, ಜನ ಸಂಸಾರವನ್ನೂ ಮಾಡುತ್ತಿದ್ದರು. ಯಾವಾಗ ಕಟ್ಟಿದರೋ ಅವನಿಗೆ ಗೊತ್ತೇ ಆಗಿರಲಿಲ್ಲ. ಕಾಲುವೆಗೆ ಹೋಗಬೇಕಾದವನು ಗುಡ್ಡದವರೆಗೆ ಹೋಗಿ ಬಂದ.

ಬಂದವನೇ ಎರಡು ಬೆರಳಿಗೆ ಇಷ್ಟು ಸುಖವಾದರೆ ಇನ್ನೆರಡು ಬೆರಳು ಏರಿಸು ಎಂದು ಮುದುಕನ ಬೆನ್ನು ಹತ್ತಿದ. ಮುದುಕ ಬೋಲ್ಟು ಸಡಿಲಿಸಿ, ಹ್ಯಾಂಡಲ್ಲನ್ನು ಹೊರಗೆಳೆದು, ಒಳಗಿಳಿಯುವ ಅದರ ಕತ್ತಿನ ಮೇಲೆ ಕೊರೆದಿದ್ದ ಒಂದು ಗೆರೆ ತೋರಿಸಿ, ಮೊದಲಿದ್ದ ಮಟ್ಟಕ್ಕೇ ಇಳಿಸಿ ಬಿಗಿದ. ಆ ಗೆರೆ ಹೊರಗೆ ಕಾಣುವಷ್ಟು ಏರಿಸಿದರೆ ಮೊದಲ ಗುಂಡಿಯಲ್ಲೇ ಹ್ಯಾಂಡಲ್ ಕೈಗೆ ಬರುತ್ತದೆ, ಸೈಕಲ್ ತನ್ನ ದಾರಿ ಹಿಡಿದು ಹೋಗುತ್ತದೆ ಅಂದ. ಸವಾರ ಸುಮ್ಮನೆ ಮನೆಗೆ ಹೋದ. ಸೈಕಲ್ಲಿನ ಆಸೆಯಲ್ಲಿದ್ದ ಭಾವಮೈದುನನೂ ಸುಮ್ಮನೆ ತನ್ನ ಮನೆಗೆ ಹೋದ.

ಮುಂದಿನ ವರ್ಷದ ಪಂದ್ಯದಲ್ಲಿ ಸವಾರ ಹತ್ತೊಂಬತ್ತನೆಯವನಾದ. ಗೆದ್ದವನು ಮತ್ತೆ ಟಪಾಲಿನವನೇ. ಇಬ್ಬರೂ ಅಕ್ಕಪಕ್ಕ ಕೂತು ಮಂಡಕ್ಕಿ ತಿನ್ನುವಾಗ, ಸವಾರ ನಾಚಿಕೆ ಬಿಟ್ಟು ಹಾರದ ದಾರದ ಕತೆಯನ್ನೆಲ್ಲ ಹೇಳಿಕೊಂಡ. ಟಪಾಲಿನವನು ನಕ್ಕು ನಕ್ಕು ಮಂಡಕ್ಕಿ ಮೂಗಿಗೆ ಏರಿಸಿಕೊಂಡ. ಪ್ರತಿ ಆಯುಧಪೂಜೆಗೂ ಕೊಡಗಟ್ಟಲೆ ನೀರು ಸುರಿದು ತೊಳೆದನಂತೆ, ಒಂದು ಹನಿ ಎಣ್ಣೆ ಬಿಡಲಿಲ್ಲವಂತೆ. ಹ್ಯಾಂಡಲ್ಲಿನ ಕತ್ತು ಒಳಗೇ ತುಕ್ಕು ಹಿಡಿದು ಕಚ್ಚಿಕೊಂಡು ಆರು ವರ್ಷವಾಯಿತಂತೆ.

"ನಾಲ್ಕು ಜನ ಎಳೆದರೂ ಮೇಲಕ್ಕೆ ಬರ್ತಿಲ್ಲ ಮಾರಾಯ," ಎಂದು ಅವನು ಕುತ್ತಿಗೆ ನೀವಿಕೊಂಡ. "ಆ ಅಜ್ಜನ ಅಂಗಡಿ ಎಲ್ಲಿದೆ, ಮೊದಲು ಅದನ್ನು ಹೇಳು."

ಕತೆ ಅಲ್ಲಿಗೆ ಮುಗಿಯಿತು. ಚೆನ್ನವೀರ ಎಂಟು ತಿಂಗಳ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕ. ಎದೆಯ ಮೇಲಿನ ಕಲ್ಲನ್ನು ಯಾರೋ ಇಳಿಸಿದಂತಾಯಿತು. ಊರಿಗೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಹುಟ್ಟುಗುಣ ಒಂದೇ ಕತೆಗೆ ಹೋಗುವುದೇ? ಹಾಗಾದರೆ ನಾಳೆಯಿಂದಲೂ ನಿಮ್ಮ ಹಾಗೆ ಮೂರು ಗಂಟೆಗೇ ಏಳುವುದೋ, ಇಲ್ಲ ನಾಲ್ಕಕ್ಕೋ, ನೀವೇ ಒಂದು ಹೊತ್ತು ಗೊತ್ತುಮಾಡಿ ಬುದ್ಧಿ ಎಂದು ಕೈಮುಗಿದ.

ಗುರುಗಳು ಕೇಳಿದರು:

"ನನ್ನನ್ನು ಮೂರಕ್ಕೆ ಎಬ್ಬಿಸುವುದು ಕೆಮ್ಮು, ಮರಿ, ನಿನಗೆ ಕೆಮ್ಮಿದೆಯೇ?"