ಶಂಖವ್ವನ ಬೆಳ್ಳಿರಂಗೋಲಿ

ಮಕ್ಕಳೇ, ಊಹೆ ಮಾಡಿ ನೋಡೋಣ. ಬೆಳಗೆದ್ದು ಬಾಗಿಲಿಗೆ ಬಂದ ಹೆಗ್ಗಣ ಬೂದೆಪ್ಪ ನೆಲ ನೋಡಿದವನೇ ಬಾಲ ಸೆಟೆಸಿ ನಿಂತುಬಿಟ್ಟ. ಏನು ಕಂಡಿರಬೇಕು? ಹಾವೇ? ನರಿಯ ಹೆಜ್ಜೆಯೇ? ಉಹೂಂ, ರಂಗೋಲಿ!

ಕುರುಚಲು ಕಾಡಿನ ಹೊಂಗೆಮರದಡಿ ಇವನ ಬಿಲ. ಒಳಗೆ ಹೆಂಡತಿ ಮರಗವ್ವ, ಕಣ್ಣು ಬಿಡದ ನಾಲ್ಕು ಮರಿ. ಬಾಗಿಲೆದುರು ಬೆಳ್ಳಿಯಂಥ ಎಳೆಯೊಂದು ಸುತ್ತಿ ಸುತ್ತಿ ಹೂವಾಗಿತ್ತು. ಮರದ ಸುತ್ತ ಎರೆಹುಳು, ಇರುವೆ, ಸಗಣಿಹುಳುಗಳ ತೂತು ತೂತಿಗೂ ಅಂಥದೇ ಹೂವು.

ಬರೆದವಳು ಬಸವನಹುಳು ಶಂಖವ್ವ. ಮಣ್ಣಿನೊಳಗೂ ಸಂಸಾರಗಳಿವೆ ಅಂತ ತುಳಿದು ಹೋಗುವವರಿಗೆ ತಿಳಿಯಲಿ ಎಂದು ಮೂರು ದಿನ ತೆವಳಿ ತೆವಳಿ ಬರೆದಿದ್ದಳು. ಜಿಂಕೆಗಳು ಆಗಲೇ ಬಳಸಿಕೊಂಡು ನಡೆಯತೊಡಗಿದ್ದವು.

ಬೂದೆಪ್ಪನಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ಅವನೇನು ಸಾಮಾನ್ಯನೇ? ಇಲಿಗಳ ಕಣಜಕ್ಕೆ ಕನ್ನ ಹಾಕುವ ಮುಂಚೆ ಅವುಗಳ ಬಾಗಿಲಲ್ಲಿ ಒಂದು ಗೀರೆಳೆದು ಗುರುತು ಮಾಡಿ ಬರುವವನು. ತಾನು ಕಳ್ಳ, ಪರರ ನಂಬ.

"ಅಕ್ಕಾ, ಈ ಗುರುತು ಯಾರಿಗೆ ತೋರಿಸೋಕೆ?"

"ಕಣ್ಣಿದ್ದವರಿಗೆಲ್ಲ, ಬೂದೆಪ್ಪ."

"ಹಾವಿಗೂ ಕಣ್ಣಿದೆ."

"ನಿನ್ನ ಮನೆ ಹುಡುಕೋಕೆ ಹಾವಿಗೆ ರಂಗೋಲಿ ಬೇಕೇನೋ? ನಿನ್ನ ವಾಸನೆ ಸಾಲದೇ?"

ಮರಗವ್ವ ಒಳಗಿಂದಲೇ ನಕ್ಕಳು. ಈ ಗಂಡಸಿಗೆ ತನ್ನ ಬಾಲದ ಮೇಲೂ ಗುಮಾನಿ ಎಂದಳು. ನಗು ಕೇಳಿ ಅವನ ಅನುಮಾನ ಇನ್ನಷ್ಟು ಬಲಿಯಿತು. ಮಧ್ಯಾಹ್ನದೊಳಗೆ ರಂಗೋಲಿಯನ್ನೆಲ್ಲ ಅಳಿಸಿದ. ತೂತುಗಳಲ್ಲಿ ಕೂತವರೂ ಶಂಖವ್ವನ ಬೇಹಿನವರೇ ಇರಬೇಕು ಎಂದು ಒಂದೊಂದಕ್ಕೂ ಜೇಡಿಮಣ್ಣು ತುರುಕಿದ. ನೆಲ ಗಾರೆಯಂತಾಗುವವರೆಗೆ ತುಳಿದ.

ಸಂಜೆಗೆ ಮಳೆ ಸುರಿಯಿತು. ಇಷ್ಟು ದಿನ ನೆಲ ಆ ನೂರಾರು ತೂತುಗಳಿಂದಲೇ ಗಟಗಟ ನೀರು ಕುಡಿಯುತ್ತಿತ್ತು. ಈಗ ನೀರು ಮೇಲೆಯೇ ನಿಂತಿತು, ದಾರಿ ಹುಡುಕಿತು, ತೆರೆದಿದ್ದ ಒಂದೇ ಬಾಗಿಲಿಗೆ ನುಗ್ಗಿತು. ಅದು ಬೂದೆಪ್ಪನದು.

ಗಂಡ ಹೆಂಡಿರು ಮೂರು ಮರಿಗಳನ್ನು ಕಚ್ಚಿಕೊಂಡು ಬೇರಿನ ಮೇಲೆ ತಂದಿಟ್ಟರು. ನಾಲ್ಕನೆಯದು ಒಳಗೇ ಉಳಿಯಿತು. ಬೂದೆಪ್ಪ ಮತ್ತೆ ಇಳಿದ. ನೀರು ಕುತ್ತಿಗೆಗೆ ಬಂತು.

ಹೊಂಗೆಯ ಬುಡಕ್ಕೆ ಅಂಟಿಕೊಂಡಿದ್ದ ಶಂಖವ್ವ ನೆಲಕ್ಕೆ ಬಾಯಿಟ್ಟು ಕರೆದಳು. "ಎರೆಯಣ್ಣಗಳಿರಾ, ಬಾಗಿಲು ತೆಗೀರಿ. ಕೂಸು ಒಳಗಿದೆ."

ಒಂದು ಕಡೆ ಮಣ್ಣು ಅಲುಗಿತು. ಮತ್ತೊಂದು ಕಡೆ ಬಿರಿಯಿತು. ಎರೆಹುಳುಗಳು ಒಳಗಿಂದ ದೂಡಿದವು, ಸಗಣಿಹುಳುಗಳು ತಲೆ ಕೊಟ್ಟು ಒತ್ತಿದವು. ತೂತುಗಳು ತೆರೆದುಕೊಂಡು ಹೊರಗೆ ನಿಂತ ನೀರು ಗುಳುಗುಳು ಇಳಿಯಿತು, ಬಿಲಕ್ಕೆ ನುಗ್ಗುವುದು ನಿಂತಿತು. ಬೂದೆಪ್ಪ ನಾಲ್ಕನೆಯ ಮರಿಯನ್ನು ಕಚ್ಚಿಕೊಂಡು ಹೊರಬಂದ. ಅದು ಸೀನಿತು, ಬದುಕಿತ್ತು.

ಮರಿಯನ್ನು ಬೇರಿನ ಮೇಲಿಟ್ಟು ಅವನೆಂದ, "ನಾನು ಮುಚ್ಚಿದ್ದು ನನ್ನ ಮನೆಯ ಬಚ್ಚಲ ತೂಬನ್ನೇ."

ಮರುದಿನ ಬಾಗಿಲಲ್ಲಿ ಮತ್ತೆ ರಂಗೋಲಿ. ಹಳೆಯ ಚಾಳಿ ನೋಡಿ, ಬೂದೆಪ್ಪ ಎರಡು ಸಲ ಮೂಸಿದ. ಆಮೇಲೆ ಒಂದೆಳೆಯೂ ಅಳಿಯದಂತೆ ಅದನ್ನು ದಾಟಿ, ಉಳಿದ ತೂತುಗಳ ಮಣ್ಣು ತೆಗೆಯಲು ಹೊರಟ.

ನೀತಿ: ತನ್ನ ಕಳ್ಳಬುದ್ಧಿಯ ಅಳತೆಯಲ್ಲಿ ನೆರೆಯವರನ್ನು ಅಳೆಯಬಾರದು, ಕಾಲಡಿಯ ಸಣ್ಣ ಜೀವಗಳೇ ನಮ್ಮ ಮನೆಯನ್ನು ಕಾಯುತ್ತಿರುತ್ತವೆ.