ಈವರೆಗೆ ನೆರವು ಪಡೆದವರು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿಯ ಸ್ವಾಮಿಗಳು ಶಾಂತಮಲ್ಲ ಅಜ್ಜಾರು.

ಆ ಮಠದಲ್ಲಿ ಎರಡು ಕೆಲಸಗಳು ಎಂದೂ ನಿಂತದ್ದಿಲ್ಲ. ಒಂದು ದಾಸೋಹ, ಇನ್ನೊಂದು ಫೋನು.

ಸುತ್ತಲಿನ ಊರಿನವರು ರಕ್ತ ಬೇಕಾದರೆ, ಆಂಬುಲೆನ್ಸ್ ಬೇಕಾದರೆ, ಆಸ್ಪತ್ರೆಯಲ್ಲಿ ದಿಕ್ಕು ತೋಚದೆ ನಿಂತರೆ ಮಠಕ್ಕೆ ಫೋನ್ ಮಾಡುತ್ತಿದ್ದರು. ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕೂತ ಸೇವಕರು ಫೋನ್ ಎತ್ತಿ, ವಿವರವನ್ನು ಕಂಪ್ಯೂಟರಿನಲ್ಲಿ ಬರೆದುಕೊಂಡು, ಪ್ರತಿ ಕರೆಗೂ ಒಂದು ನಂಬರು ಕೊಡುತ್ತಿದ್ದರು. ಅದಕ್ಕೆ ಟಿಕೆಟ್ ಎಂದು ಹೆಸರು. ಕೇಳಿದವರ ಕೆಲಸ ಆಗುವವರೆಗೆ ಟಿಕೆಟ್ ಮುಚ್ಚುವಂತಿಲ್ಲ. ಇದು ಅಜ್ಜಾರ ಕಟ್ಟಪ್ಪಣೆ.

ಕಂಪ್ಯೂಟರುಗಳ ಉಸ್ತುವಾರಿ ಶಿಷ್ಯ ಪಂಚಾಕ್ಷರಿಯದು. ಓದಿದವನು, ಚುರುಕಿನವನು, ಅಜ್ಜಾರ ಮೇಲೆ ಪ್ರಾಣವನ್ನೇ ಇಟ್ಟವನು. ಹೊಗಳಿಕೆಯ ಮೇಲೂ ಸ್ವಲ್ಪ ಇಟ್ಟಿದ್ದ.

ಆ ವಾರ ಅವನು ಟಿಕೆಟ್ ವ್ಯವಸ್ಥೆಯ ಹಳೆಯ ಆವೃತ್ತಿ ತೆಗೆದು ಹೊಸದನ್ನು ಹಾಕಿದ. ಅಂದಿನಿಂದ ಒಂದು ಪರದೆಯೂ ಹೇಳಿದ ಮಾತು ಕೇಳಲಿಲ್ಲ. ಗುಂಡಿ ಒತ್ತಿದರೆ ಚಕ್ರ ತಿರುಗುತ್ತಿತ್ತು, ತಿರುಗುತ್ತಲೇ ಇರುತ್ತಿತ್ತು.

ಬೆಳಿಗ್ಗೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಪಂಚಾಕ್ಷರಿ ಜೋಲು ಮುಖ ಹಾಕಿಕೊಂಡು ಬಂದ.

"ಅಜ್ಜಾರ, ಡೇಟಾಬೇಸ್ ಭಾಳ ನಿಧಾನ ಆಗೇತ್ರಿ."

"ಹಂಗಂದ್ರ ಏನಪಾ?"

"ನಮ್ಮ ಟಿಕೆಟ್ ಎಲ್ಲಾ ಇಟ್ಟ ಉಗ್ರಾಣ ಇದ್ದಂಗ್ರಿ. ಏನ್ ಕೇಳಿದ್ರೂ ಅದ ಹುಡುಕಿ ಕೊಡಬೇಕ್ರಿ."

"ನೀ ಏನ್ ಮಾಡಿದಿ?"

"ಮೆಮೊರಿ ಹೆಚ್ಚಿಗಿ ಹಾಕೀನ್ರಿ. ಬಂದ್ ಮಾಡಿ ಮತ್ತ ಚಾಲೂ ಮಾಡೀನ್ರಿ. ವೈರ್ ಬದಲಿ ಮಾಡೀನ್ರಿ. ಸೆಟ್ಟಿಂಗ್ ಎಲ್ಲಾ ತಿರುವಿ ಹಾಕೀನ್ರಿ."

"ಅದು ಏನಂತು?"

"ಯಾವುದ್ರಿ?"

"ಅದ, ನಿನ್ನ ಉಗ್ರಾಣ. ನಿನಗೇನ್ ತ್ರಾಸಾಗೇತಿ ಅಂತ ಅದನ್ನ ಕೇಳಿದೇನು?"

ಪಂಚಾಕ್ಷರಿ ಕೇಳಿರಲಿಲ್ಲ. ಇಷ್ಟು ದಿನ ಔಷಧ ಕೊಟ್ಟಿದ್ದನೇ ಹೊರತು ನಾಡಿ ಹಿಡಿದಿರಲಿಲ್ಲ.

"ಹೋಗಲಿ. ಯಾವ ಕೆಲಸ ತಡ ಆಗಾಕತ್ತೈತಿ?"

"ಎಲ್ಲಾ ತಡ ಆಗಾಕತ್ತೈತ್ರಿ."

"ಎಲ್ಲಾ ಅಂದ್ರ ಒಂದನ್ನೂ ನೋಡಿಲ್ಲ ಅಂದಂಗ," ಎಂದರು ಅಜ್ಜಾರು.

ಅಷ್ಟರಲ್ಲಿ ಬಂಗಾರೆವ್ವ ಓಡುತ್ತ ಬಂದಳು. ಫೋನ್ ಕೋಣೆಯಲ್ಲಿ ಬಹಳ ಕಾಲದಿಂದ ಸೇವೆಗೆ ಕೂರುವವಳು. ಅವಳ ಕಣ್ಣು ತುಂಬಿ ಬಂದಿತ್ತು.

"ಅಜ್ಜಾರ, ಒಂದು ಫೋನ್ ಬಂದಿತ್ರಿ. ಫಕೀರವ್ವ ಅಂತ. ಮಗಗ ಸಂಜಿಮುಂದ ಆಪರೇಷನ್ ಐತಂತ್ರಿ, ರಕ್ತ ಬೇಕಂತ್ರಿ."

"ಯಾವ ಆಸ್ಪತ್ರಿ?"

"ಗೊತ್ತಾಗಲಿಲ್ರಿ."

"ಯಾವ ಗುಂಪಿನ ರಕ್ತ?"

"ಅದೂ ಗೊತ್ತಾಗಲಿಲ್ರಿ. ಪರದೆ ತೆರೀಲಿ ತಡೀರಿ ಯವ್ವಾ, ತಡೀರಿ ಯವ್ವಾ ಅಂತಿದ್ದೆ. ಆಕಿ ಫೋನಿನ್ಯಾಗ ಚಾರ್ಜ್ ಇರಲಿಲ್ಲ. ಕಟ್ ಆತ್ರಿ. ಈಗ ಹಚ್ಚಿದ್ರ ಸ್ವಿಚ್ ಆಫ್ ಅಂತೈತ್ರಿ."

"ಕೈಯಾಗ ಪೆನ್ ಇರಲಿಲ್ಲೇನವ್ವಾ?"

ಬಂಗಾರೆವ್ವ ಪಂಚಾಕ್ಷರಿಯ ಕಡೆ ನೋಡಿದಳು. "ಪರದೆ ಬಿಟ್ಟು ಬ್ಯಾರೆ ಕಡೆ ಏನೂ ಬರೀಬ್ಯಾಡ್ರಿ ಅಂತ ಇವರ ಹೇಳ್ಯಾರ್ರಿ."

ಪಂಚಾಕ್ಷರಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ವಿವರ ಎರಡು ಕಡೆ ಇದ್ದರೆ ಗೊಂದಲವಾಗುತ್ತದೆ ಎಂದು ಅವನೇ ಹಾಗೆ ಹೇಳಿದ್ದ. ಹೇಳುವಾಗ ಅದು ಬಹಳ ಅಚ್ಚುಕಟ್ಟಾಗಿ ಕೇಳಿಸಿತ್ತು.

"ಆಕಿ ಮತ್ತ ಫೋನ್ ಮಾಡ್ತಾಳ," ಎಂದರು ಅಜ್ಜಾರು. "ತಾಯಿ ಸುಮ್ನ ಕೂಡಂಗಿಲ್ಲ. ಅಷ್ಟರಾಗ ನಾವು ತಯಾರಿರಬೇಕು. ಬಂಗಾರೆವ್ವ, ನೀ ಪ್ಯಾಟ್ಯಾಗಿನ ಆಸ್ಪತ್ರಿಗೆಲ್ಲಾ ಫೋನ್ ಹಚ್ಚಿ ಆಕಿ ಹೆಸರು ಕೇಳು. ಪಂಚಾಕ್ಷರಿ, ನಡಿ, ಕೋಣಿಗೆ ಹೋಗೂಣು."

ಅಜ್ಜಾರು ಆ ಕೋಣೆಗೆ ಬರುವುದು ಅಪರೂಪ. ಅವರಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಇಲ್ಲವೆಂಬ ನಾಚಿಕೆಯೂ ಇರಲಿಲ್ಲ. ನನಗೆ ಅವರಲ್ಲಿ ಬಹಳ ಹಿಡಿಸುವ ಗುಣ ಇದೇ. ಗೊತ್ತಿಲ್ಲದ್ದರ ಮುಂದೆ ಅವರು ಆರಾಮಾಗಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ಹಾಗೇ ಕೂತರು.

"ನೀ ಬಂಗಾರೆವ್ವನ ಜಾಗಾದಾಗ ಕೂಡು," ಎಂದರು. "ಫಕೀರವ್ವನ ಫೋನ್ ಬಂದೈತಿ ಅಂತ ತಿಳಕೊ. ಮಾಡು, ನೋಡೂಣು."

ಪಂಚಾಕ್ಷರಿ ಹೊಸ ಟಿಕೆಟ್ ತೆರೆಯುವ ಗುಂಡಿ ಒತ್ತಿದ. ಚಕ್ರ ತಿರುಗಿತು. ಅವನು ಬೆರಳ ನೆಟಿಗೆ ಮುರಿದುಕೊಂಡ. ಚಕ್ರ ತಿರುಗುತ್ತಿತ್ತು. ತನ್ನ ಕೋಣೆಯಲ್ಲಿ ಕೂತು ಅವನು ಯಂತ್ರವನ್ನು ನೋಡಿದ್ದನೇ ಹೊರತು, ಈ ಕುರ್ಚಿಯ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಇಲ್ಲಿ ಕೂತರೆ ಒಂದೊಂದು ಕ್ಷಣವೂ ಎಷ್ಟು ಉದ್ದ ಎಂಬುದು ಅವನಿಗೆ ಈಗ ತಿಳಿಯಿತು.

ಅಜ್ಜಾರು ಪರದೆಯ ನೆತ್ತಿಯನ್ನು ನೋಡುತ್ತಿದ್ದರು. ಅಲ್ಲಿ ದಪ್ಪ ಅಕ್ಷರದಲ್ಲಿ ಒಂದು ದೊಡ್ಡ ಸಂಖ್ಯೆ ಇತ್ತು. ಆಗಾಗ ಮಿನುಗಿ, ಒಂದು ಹೆಚ್ಚಾಗುತ್ತಿತ್ತು.

"ಮ್ಯಾಲೆ ಅದೇನು?"

ಪಂಚಾಕ್ಷರಿಯ ಮುಖ ಅರಳಿತು.

"ಈವರೆಗೆ ನೆರವು ಪಡೆದವರು ಅಂತ್ರಿ ಅಜ್ಜಾರ. ಫೋನ್ ಸೇವೆ ಶುರು ಆದಾಗಿಂದ ನಾವು ಎಷ್ಟು ಮಂದಿಗೆ ನೆರವಾಗೇವಿ ಅನ್ನೂ ಲೆಕ್ಕ. ಹಳೇ ಆವೃತ್ತಿಯೊಳಗ ಇದು ಇರಲಿಲ್ರಿ. ಹೊಸದ್ರಾಗ ಬೇಕಾದವರು ಹಾಕ್ಕೋಬಹುದು. ನಾ ಎಲ್ಲಾರ ಪರದೆಗೂ ಹಾಕೀನ್ರಿ. ಮಠದ ಕಮಿಟಿಯವರು ನೋಡಿ ಭಾಳ ಖುಷಿಪಟ್ರು."

"ಹೂಂ," ಎಂದರು ಅಜ್ಜಾರು.

ಹೊರಗೆ ಊಟದ ಗಂಟೆಯ ಸದ್ದಾಯಿತು.

"ಪಂಗ್ತಿ ಕೂತೈತಿ. ಬಾ, ಇವತ್ತ ನೀ ನೀಡು."

"ಅಜ್ಜಾರ, ಫಕೀರವ್ವ..."

"ಆಕಿ ಸಲುವಾಗಿನ ಕರಿಯಾಕತ್ತೀನಿ."

ಎದುರು ಮಾತಾಡುವಂತಿರಲಿಲ್ಲ. ಪಂಚಾಕ್ಷರಿ ಒಲ್ಲದ ಮನಸ್ಸಿನಿಂದ ಅನ್ನದ ಬಕೀಟು ಹಿಡಿದ. ಅವನ ಕಿವಿ ಮಾತ್ರ ಫೋನಿನ ಕಡೆಗೇ ಇತ್ತು.

ಉದ್ದನೆಯ ಸಾಲುಗಳು. ಹೊಲದಿಂದ ಬಂದವರು, ದಾರಿಹೋಕರು, ಮುದುಕರು, ಮಕ್ಕಳು. ಅವನು ನಾಲ್ಕಾರು ಎಲೆಗೆ ಅನ್ನ ನೀಡಿರಬೇಕು. ಬಾಗಿಲಲ್ಲಿ ನಿಂತ ಅಜ್ಜಾರು ಕೂಗಿದರು.

"ಪಂಚಾಕ್ಷರಿ, ಈವರೆಗೆ ಎಷ್ಟು ಮಂದಿಗೆ ನೀಡಿದಿ?"

"ಒಂದ್ ಐದಾರು ಮಂದಿಗೆ ಇರಬೇಕ್ರಿ."

"ಇರಬೇಕು ಅನಬ್ಯಾಡ. ಮೊದಲನೇ ಎಲಿಯಿಂದ ಎಣಿಸಿ ಹೇಳು."

ಅವನು ಬಕೀಟು ಹಿಡಿದು ಹಿಂದಕ್ಕೆ ಹೋಗಿ ಎಣಿಸಿ ಬಂದು ಹೇಳಿದ. ಮತ್ತೆ ನೀಡತೊಡಗಿದ. ಎರಡು ಸೌಟು ಹಾಕುವಷ್ಟರಲ್ಲಿ ಮತ್ತೆ ಕೂಗು.

"ಈಗೆಷ್ಟಾತು?"

"ಅದಕ್ಕ ಎರಡು ಕೂಡಿಸ್ರಿ, ಅಜ್ಜಾರ."

"ಕೂಡಿಸೂದು ಬ್ಯಾಡ. ಮೊದಲಿಂದ ಎಣಿಸು."

ಅಜ್ಜಾರು ಅಲ್ಲಿಗೇ ಬಿಡಲಿಲ್ಲ. ಪಲ್ಯ ನೀಡುವವನನ್ನು ಕೇಳಿದರು. ಸಾರು ನೀಡುವವಳನ್ನು ಕೇಳಿದರು. ರೊಟ್ಟಿ ಹಂಚುವವರನ್ನು ಕೇಳಿದರು. ಎಲ್ಲರೂ ಮೊದಲನೇ ಎಲೆಗೆ ಓಡುವವರು, ಎಣಿಸುವವರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವವರು. ಯಾರ ಕೈಯಲ್ಲೂ ಸೌಟು ಆಡಲಿಲ್ಲ. ಅನ್ನ ಆರತೊಡಗಿತು. ಬರಿಯ ಎಲೆಯ ಮುಂದೆ ಕೂತ ಮಗುವೊಂದು ಅಳುವುದಕ್ಕೆ ಶುರುಮಾಡಿತು.

ಸಾಲಿನ ತುದಿಯಲ್ಲಿದ್ದ ಒಬ್ಬ ಮುದುಕನಿಗೆ ತಾಳ್ಮೆ ತಪ್ಪಿತು.

"ಏ ತಮ್ಮಾ! ಉಂಡವರನ್ನ ಆಮ್ಯಾಲೆ ಎಣಿಸೀಯಂತ. ಮೊದಲ ಉಣ್ಣಾಕ ನೀಡೋ!"

ಪಂಚಾಕ್ಷರಿ ತಿರುಗಿ ನೋಡಿದ. ಬಾಗಿಲಲ್ಲಿ ಅಜ್ಜಾರು ಇದ್ದರು. ಅವರು ಈಗ ಏನೂ ಕೇಳಲಿಲ್ಲ.

ಅವನು ಬಕೀಟು ಅಲ್ಲೇ ಇಟ್ಟು ಓಡಿದ.

ಅಜ್ಜಾರು ನಿಧಾನವಾಗಿ ಬಂದು, ಬಕೀಟು ಎತ್ತಿಕೊಂಡು, ಅಳುವ ಮಗುವಿನ ಎಲೆಗೆ ಮೊದಲು ಅನ್ನ ನೀಡಿದರು. ಆಮೇಲೆ ಮುದುಕನಿಗೆ ನೀಡಿ, "ತಪ್ಪಾತಪಾ, ಉಣ್ಣು," ಎಂದರು. ಶಿಷ್ಯನಿಗೆ ಕಲಿಸಲೆಂದು ಹಸಿದವರನ್ನು ಕಾಯಿಸಿದ್ದು ಅವರ ಮನಸ್ಸಿಗೂ ಚುಚ್ಚಿತ್ತು.

ಪಂಚಾಕ್ಷರಿ ಕೋಣೆಗೆ ಬಂದವನೇ ಡೇಟಾಬೇಸ್ ಆ ಗಳಿಗೆಯಲ್ಲಿ ಏನು ಮಾಡುತ್ತಿದೆ ಎಂದು ತೋರಿಸುವ ಪುಟ ತೆರೆದ. ಅದು ಯಾವಾಗಲೂ ಅಲ್ಲೇ ಇತ್ತು. ಅವನು ತೆರೆದಿರಲಿಲ್ಲ ಅಷ್ಟೆ.

ಸಾಲು ಸಾಲಾಗಿ ಒಂದೇ ಪ್ರಶ್ನೆ ಇತ್ತು. ಈವರೆಗೆ ಎಷ್ಟು? ಈವರೆಗೆ ಎಷ್ಟು? ಕೋಣೆಯ ಪ್ರತಿಯೊಂದು ಪರದೆಯೂ ಕಣ್ಣು ಮಿಟುಕಿಸುವುದರೊಳಗೆ ಅದನ್ನೇ ಕೇಳುತ್ತಿತ್ತು. ಪ್ರತಿ ಸಲವೂ ಡೇಟಾಬೇಸ್ ಸೇವೆಯ ಮೊದಲ ಟಿಕೆಟಿನಿಂದ ಹಿಡಿದು ಒಂದೊಂದನ್ನೂ ಮುಟ್ಟಿ ಎಣಿಸುತ್ತಿತ್ತು. ಎಣಿಕೆ ಮುಗಿಯುವ ಮೊದಲೇ ಇನ್ನೊಂದು ಪರದೆ ಕೇಳುತ್ತಿತ್ತು. ಹೊಸ ಟಿಕೆಟ್ ತೆರೆಯಿರಿ ಎಂಬ ಬಂಗಾರೆವ್ವನ ಕೋರಿಕೆ ಆ ಗುಂಪಿನ ಹಿಂದೆಲ್ಲೋ ನಿಂತಿತ್ತು.

ಹಾಕುವ ಮುಂಚೆ ಅವನು ಪರೀಕ್ಷೆ ಮಾಡಿರಲಿಲ್ಲ ಎಂದಲ್ಲ. ಮಾಡಿದ್ದ. ಒಂದೇ ಪರದೆಯಲ್ಲಿ, ಬೆರಳೆಣಿಕೆಯಷ್ಟು ಟಿಕೆಟ್ ಇಟ್ಟುಕೊಂಡು, ಒಬ್ಬನೇ ಕೂತು ಮಾಡಿದ್ದ. ಆಗ ಅದು ಬಾಣದಂತೆ ಓಡಿತ್ತು.

ಪಂಚಾಕ್ಷರಿ ಆ ಲೆಕ್ಕವನ್ನು ಎಲ್ಲ ಪರದೆಗಳಿಂದಲೂ ತೆಗೆದುಹಾಕಿದ.

ಕೋಣೆಯಲ್ಲಿ ಒಮ್ಮೆಲೇ ಗದ್ದಲವೆದ್ದಿತು. "ತೆರೀತು!" "ನಂದೂ ತೆರೀತ್ರಿ!" ತಿರುಗುತ್ತಿದ್ದ ಚಕ್ರಗಳೆಲ್ಲ ಮಾಯವಾಗಿದ್ದವು.

"ಪೆನ್ನು, ಹಾಳಿ ಎಲ್ಲಾರೂ ಮಗ್ಗಲಾಗ ಇಟ್ಕೋರಿ," ಎಂದ ಪಂಚಾಕ್ಷರಿ. "ಮೊದಲ ಅವರ ಮಾತು ಕೇಳ್ರಿ. ಪರದೆ ಆಮ್ಯಾಲೆ."

ಆ ಮಾತು ಹೇಳುವಾಗ ಅವನ ದನಿ ಸಣ್ಣದಾಗಿತ್ತು. ಆದರೂ ಎಲ್ಲರಿಗೂ ಕೇಳಿಸಿತು.

ಕಾಯುವುದು ಶುರುವಾಯಿತು. ಬಂಗಾರೆವ್ವ ಕೇಳಿದ ಯಾವ ಆಸ್ಪತ್ರೆಯವರಿಗೂ ಫಕೀರವ್ವ ಯಾರೆಂದು ಗೊತ್ತಿರಲಿಲ್ಲ. ರೋಗಿಯ ಹೆಸರಾದರೆ ನೋಡಬಹುದು, ರೋಗಿಯ ತಾಯಿಯ ಹೆಸರು ಯಾರು ಬರೆದುಕೊಳ್ಳುತ್ತಾರೆ? ಪ್ರತಿ ಸಲ ಫೋನ್ ಬಂದಾಗಲೂ ಪಂಚಾಕ್ಷರಿ ಎದ್ದು ನಿಲ್ಲುತ್ತಿದ್ದ. ಬೇರೆ ಯಾರದೋ ಕರೆ. ಮತ್ತೆ ಕೂರುತ್ತಿದ್ದ.

ಬಿಸಿಲು ಇಳಿಯತೊಡಗಿದಾಗ ಬಂಗಾರೆವ್ವನ ಫೋನ್ ರಿಂಗಾಯಿತು.

"ಹೇಳ್ರಿ. ಹೌದು, ಮಠದಿಂದನ ಮಾತಾಡಾಕತ್ತೀನಿ. ಯವ್ವಾ, ಫಕೀರವ್ವ ಏನು? ಮೊದಲ ಆಸ್ಪತ್ರಿ ಹೆಸರು ಹೇಳ್ರಿ. ಹೂಂ. ರಕ್ತದ ಗುಂಪು? ಅಲ್ಲೇ ನರ್ಸಬಾಯಿ ಇದ್ರ ಆಕಿ ಕೈಯಾಗ ಕೊಡ್ರಿ."

ಅವಳ ಪೆನ್ನು ಓಡುತ್ತಿತ್ತು. ಯಾರದೋ ಫೋನ್ ಇಸಿದುಕೊಂಡು ಫಕೀರವ್ವ ಮಾತಾಡುತ್ತಿದ್ದಳು.

ಬಂಗಾರೆವ್ವ ಗುಂಡಿ ಒತ್ತಿದಳು. ಟಿಕೆಟ್ ತೆರೆಯಿತು. ಗುಂಪು ಬರೆದಳು. ಅದು ಅಷ್ಟು ಸುಲಭಕ್ಕೆ ಸಿಗುವ ರಕ್ತವಲ್ಲ. ಆದರೂ ರಕ್ತ ಕೊಡಲು ಮಠದಲ್ಲಿ ಹೆಸರು ಬರೆಸಿದ್ದವರಲ್ಲಿ ಆಸ್ಪತ್ರೆಗೆ ಹತ್ತಿರದ ಒಬ್ಬನ ಹೆಸರು ಪರದೆಯ ಮೇಲೆ ಕಾಣಿಸಿತು. ಬಸ್ ಡಿಪೋದ ಒಬ್ಬ ಮೆಕ್ಯಾನಿಕ್.

ಪಂಚಾಕ್ಷರಿಯೇ ಅವನಿಗೆ ಫೋನ್ ಹಚ್ಚಿದ.

"ಈಗ ಬಾ ಅಂದ್ರ ಈಗ ಹೊಂಟೆ ನೋಡ್ರಿ," ಎಂದ ಆ ಮೆಕ್ಯಾನಿಕ್. "ಕೈ ತೊಳಕೊಂಡು ಬರ್ತೀನಿ, ಪೂರಾ ಗ್ರೀಸ್ ಆಗೇತಿ."

ರಾತ್ರಿಯ ಪಂಗ್ತಿ ಮುಗಿಯುವ ಹೊತ್ತಿಗೆ ಫಕೀರವ್ವನ ಫೋನ್ ಮತ್ತೆ ಬಂತು. ಆಪರೇಷನ್ ಮುಗಿದಿತ್ತು. ಮಗ ಕಣ್ಣು ಬಿಟ್ಟಿದ್ದ. ಅವಳು ಅಳುತ್ತಲೇ ಮಾತಾಡಿದಳು. ಬಂಗಾರೆವ್ವ ಅವಳ ಮಾತು ಪೂರಾ ಕೇಳಿ ಟಿಕೆಟ್ ಮುಚ್ಚಿದಳು.

ಅಜ್ಜಾರು ಮತ್ತೆ ಹೊಳೆಯ ಮೆಟ್ಟಿಲ ಮೇಲೆ ಇದ್ದರು. ಬಂಗಾರೆವ್ವ ಸುದ್ದಿ ಹೇಳಿದಳು. ಪಂಚಾಕ್ಷರಿ ಅವರ ಕಾಲು ಮುಟ್ಟಿದ.

"ಅಜ್ಜಾರ, ನಿಮಗ ಡೇಟಾಬೇಸ್ ಅಂದ್ರೇನ ಗೊತ್ತಿರಲಿಲ್ಲ. ಆ ಲೆಕ್ಕದಿಂದನ ತಡ ಆಗಾಕತ್ತೈತಿ ಅಂತ ಹೆಂಗ ತಿಳೀತ್ರಿ?"

"ಅದು ನನಗ ತಿಳೀಲಿಲ್ಲಪಾ. ಅದನ್ನ ಹುಡುಕಿದಾವ ನೀನ. ನಾ ನಿನ್ನ ಮಾರಿ ನೋಡಿದೆ ಅಷ್ಟ."

"ನನ್ನ ಮಾರಿ ಏನ್ರಿ?"

"ಪರದೆ ನಿಂತಿತ್ತು. ಬಂಗಾರೆವ್ವ ಕಣ್ಣೀರ ಹಾಕಾಕತ್ತಿದ್ಲು. ಒಬ್ಬ ತಾಯಿ ಎಲ್ಲಿ ಅದಾಳ ಅಂತ ಯಾರಿಗೂ ಗೊತ್ತಿರಲಿಲ್ಲ. ಆದ್ರ ಆ ನಂಬರ್ ತೋರಿಸುವಾಗ ನೀ ನಗಾಕತ್ತಿದ್ದಿ."

ಪಂಚಾಕ್ಷರಿ ತಲೆ ತಗ್ಗಿಸಿದ. ಅಜ್ಜಾರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಆ ಲೆಕ್ಕ ಮತ್ತ ಹಾಕೂದ ಬ್ಯಾಡೇನ್ರಿ?"

"ಕಮಿಟಿಯವರಿಗೆ ಬೇಕಲ್ಲ. ತ್ರಾಸಾಗಲಾರದಂಗ ಇಡಾಕ ಬರ್ತೈತೇನು?"

"ಬರ್ತೈತ್ರಿ. ದಿನಕ್ಕ ಒಮ್ಮೆ, ಫೋನ್ ಕಡಿಮಿ ಇದ್ದಾಗ ಎಣಿಸಿ, ತಗದ ಒಂದ್ ಕಡೆ ಇಟ್ರಾತು. ಪರದೆಗೋಳು ಅದನ್ನ ನೋಡ್ತಾವ್ರಿ. ಮೊದಲಿಂದ ಎಣಿಸೂ ಕೆಲಸಿಲ್ಲ."

"ಚಲೋ ಆತು. ಹಂಗ ಮಾಡು."

ಇಷ್ಟು ಹೇಳಿಸಿಕೊಂಡದ್ದೇ ತಡ, ಪಂಚಾಕ್ಷರಿಗೆ ಹುರುಪು ಬಂತು. ಹುಟ್ಟುಗುಣ ಒಂದೇ ದಿನಕ್ಕೆ ಎಲ್ಲಿ ಹೋಗುತ್ತದೆ?

"ಹಂಗಂದ್ರ ಫಕೀರವ್ವನ ಮಗನ್ನ ಕೂಡಿಸಿ ಒಟ್ಟು ಎಷ್ಟಾತಂತ ನಾಳೆ ಮುಂಜಾನೆ ಹೇಳ್ತೀನ್ರಿ, ಅಜ್ಜಾರ."

ಅಜ್ಜಾರು ನಕ್ಕರು.

"ಫಕೀರವ್ವಗ ಎಷ್ಟು ಮಂದಿ ಮಕ್ಕಳೋ?"

ಪಂಚಾಕ್ಷರಿಗೆ ಗೊತ್ತಿರಲಿಲ್ಲ. ಅವನು ಬಂಗಾರೆವ್ವನ ಮುಖ ನೋಡಿದ.

"ಅವನೊಬ್ಬನ ಅಂತ್ರಿ," ಎಂದಳು ಬಂಗಾರೆವ್ವ.

"ಹಂಗಾದ್ರ ನಮ್ಮ ಲೆಕ್ಕಾನೂ ಒಂದ, ತಮ್ಮಾ."